ಬಾಣದ ದಿಕ್ಕು

ತನ್ನದೇ ಬೀದಿಯ ಕಂಬದ ಮೇಲೆ ಲೈನ್‌ಮ್ಯಾನ್ ಶಾಕ್ ಹೊಡೆದು ಸತ್ತು ವಾರವಾಗಿತ್ತು. ಅವನ ಹೆಂಡತಿ ಪಾಲಿಟೆಕ್ನಿಕ್‌ನಲ್ಲಿ ಸರ್ಕ್ಯೂಟ್ ಪಾಠ ಮಾಡುವವಳು. ಸೆಕ್ಷನ್ ಆಫೀಸರ್ ಮನೆಗೆ ಬಂದು, ಆ ಲೈನಿನ ನಕ್ಷೆಯನ್ನೂ ಅವನು ಸತ್ತ ದಿನದ ಮೀಟರ್ ರೀಡಿಂಗುಗಳನ್ನೂ ಅವಳ ಮುಂದಿಟ್ಟರು.

“ಲೈನ್ ಆಫ್ ಮಾಡೇ ಮಾಡಿದ್ದೆ ಅಂತ ಸಬ್‌ಸ್ಟೇಷನ್ ಆಪರೇಟರ್ ಮೈಲಾರಿ ಅಳ್ತಾನೆ. ಯಾರೂ ನಂಬ್ತಿಲ್ಲ. ನೀವೇ ಒಂದ್ಸಲ ಲೆಕ್ಕ ಹಾಕಿ ನೋಡಿ ಮೇಡಂ.”

ಅವಳು ಪ್ರತಿ ಕಂಬವನ್ನೂ ಒಂದು ನೋಡ್, ಅಂದರೆ ತಂತಿಗಳು ಕೂಡುವ ಬಿಂದು, ಎಂದು ಗುರುತಿಸಿದಳು. ಕ್ಲಾಸಿನಲ್ಲಿ ಮಾಡುವಂತೆಯೇ ಕರೆಂಟಿನ ಬಾಣಗಳನ್ನು ಸಬ್‌ಸ್ಟೇಷನ್ನಿನಿಂದ ಮನೆಗಳ ಕಡೆಗೆ ಎಳೆದು, ಸಮೀಕರಣ ಬರೆದು ಬಿಡಿಸಿದಳು. ಉತ್ತರ ಮೈನಸ್ ಬಂತು.

“ತಪ್ಪಾಯ್ತಾ ಮೇಡಂ?”

“ಇಲ್ಲ. ಲೆಕ್ಕ ಸರಿ ಇದೆ, ನಾನು ಹಾಕಿದ ಬಾಣ ಉಲ್ಟಾ, ಅಷ್ಟೆ. ಕರೆಂಟು ಸಬ್‌ಸ್ಟೇಷನ್ನಿಂದ ಬಂದಿಲ್ಲ. ಯಾವುದೋ ಮನೆ ಜನರೇಟರ್‌ನಿಂದ ವಾಪಸ್ ಕಂಬಕ್ಕೆ ಹೋಗಿದೆ. ಮೈಲಾರಿನ ಬಿಟ್ಬಿಡಿ.”

“ಆ ಬೀದೀಲಿ ಜನರೇಟರ್ ಯಾರ ಮನೇಲಿದೆ?”

ಅವಳು ಪೆನ್ನಿಗೆ ಕ್ಯಾಪ್ ಹಾಕಿದಳು.

“ನಮ್ಮನೇಲಿ. ಅವತ್ತು ಕರೆಂಟ್ ಹೋಗಿತ್ತು. ಇವರು ಊಟಕ್ಕೆ ಬರ್ತಾರೆ, ಚಟ್ನಿ ರುಬ್ಬಿಡೋಣ ಅಂತ ನಾನೇ ಆನ್ ಮಾಡಿದ್ದೆ.”