ಪಳಗಿದ ನಿಬ್ಬು

ಇಂಕ್‌ಪೆನ್ನಿನ ಹುಚ್ಚರ ಬಳಗಕ್ಕೆ ನಾನು ಹೋದದ್ದು ಅದೇ ಮೊದಲು. ಮದುವೆಯ ಹೊಸತರಲ್ಲಿ ಹೆಂಡತಿ ಕೊಟ್ಟಿದ್ದ ಹಳೇ ಪೆನ್ನು ಒಯ್ದಿದ್ದೆ. ನನ್ನ ಕೈಯಲ್ಲಿ ಅದು ಯಾವತ್ತೂ ಕೆರೆಯುತ್ತಿತ್ತು.

"ಒಂದ್ಸಲ ಕೊಡಿ" ಎಂದು ಪಕ್ಕದವನು ಇಸಕೊಂಡು ಬರೆದ. ಪೆನ್ನು ಬೆಣ್ಣೆಯಂತೆ ಜಾರಿತು. ಅವನ ಅಕ್ಷರ ನೋಡಲು ಎಲ್ಲರೂ ಎಷ್ಟು ಮುಗಿಬಿದ್ದರೆಂದರೆ ನನಗೆ ಹಾಳೆಯೇ ಕಾಣಲಿಲ್ಲ. ಹೊಟ್ಟೆ ಉರಿಯಿತು.

"ನನ್ನ ಪೆನ್ನು ನಿಮ್ಮ ಮಾತು ಕೇಳುತ್ತಲ್ರೀ!"

"ನಿಬ್ಬು ಯಾರ ಕೈಗೆ ಪಳಗಿರುತ್ತೋ ಅವರಿಗೇ ಒಲಿಯೋದು. ಎಲ್ಲಿ ಸಿಕ್ತು ನಿಮಗೆ?"

"ನನ್ನ ಹೆಂಡ್ತೀದು. ಕಾಲೇಜಲ್ಲಿ ಯಾರೋ ಗೆಳತಿ ಕೊಟ್ಟಿದ್ದಂತೆ."

ಅವನು ಕ್ಯಾಪು ಹಾಕಿ ಪೆನ್ನು ವಾಪಸು ಕೊಟ್ಟ.

ನಾನೇನು ಕಮ್ಮಿ ಎಂದು, ಹೆಂಡತಿಯ ಹೆಸರು ಬರೆದು ತೋರಿಸಲು ಹಾಳೆ ಎಳೆದುಕೊಂಡೆ.

ಆ ಹೆಸರು ಆಗಲೇ ಅಲ್ಲಿತ್ತು, ದುಂಡಗೆ.