ಸೈರನ್ ಕೇಳಿದ ಸಾಕ್ಷಿ

"ಈ ಸಾಕ್ಷಿ ಹೇಳಿದ್ದು ಹಸಿ ಸುಳ್ಳು, ಸ್ವಾಮಿ," ಎಂದರು ಫೈಜಾನನ ವಕೀಲರು.

ಹಿಂದಿನ ಬೆಂಚಿನಲ್ಲಿದ್ದ ಸಾಕ್ಷಿ ದುರ್ಗಪ್ಪನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೂದಲು ನರೆಸಿಕೊಂಡ ಮನುಷ್ಯ. ಮಿಲ್ಲಿನ ಕಾಲೊನಿ ಬಂಗೂರನಗರದಲ್ಲಿ ಯಾರ ಮನೆಯ ಜಗಳವಾದರೂ "ದುರ್ಗಪ್ಪ ಹೇಳಿದ್ರ ಮುಗೀತು" ಎನ್ನುತ್ತಿದ್ದರು. ಅವನ ಮಾತು ನಂಬಿಯೇ ಕೆಳಗಿನ ಕೋರ್ಟು ಫೈಜಾನನಿಗೆ ಆರು ತಿಂಗಳ ಜೈಲು ವಿಧಿಸಿತ್ತು. ಇಂದು ಮೇಲ್ಮನವಿ ಬಿದ್ದುಹೋದರೆ ಹುಡುಗ ನೇರ ಒಳಗೆ.

ಕೇಸು ಸಣ್ಣದು. ಗ್ಯಾರೇಜಿನ ಫೈಜಾನ, ಕಟ್ಟಡದ ಗುತ್ತಿಗೆದಾರ ಜ್ಯೋತಿಬಾನ ತಲೆಗೆ ದುರ್ಗಪ್ಪನ ಮನೆಯ ಬೀದಿಯಲ್ಲಿ ಹಿಂದಿನಿಂದ ನಟ್ಟು ಬಿಗಿಯುವ ಪಾನಾ ಬೀಸಿದ್ದ. ಹೊಡೆದವನನ್ನು ಜ್ಯೋತಿಬಾ ನೋಡಿರಲಿಲ್ಲ. ನೋಡಿದವನು ಅಂದು ರಜೆ ಹಾಕಿ ಮನೆಯಲ್ಲಿದ್ದ ದುರ್ಗಪ್ಪ ಒಬ್ಬನೇ. ಹೊಡೆದದ್ದು ಯಾಕೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಡಲಿಲ್ಲ. ತನ್ನಲ್ಲಿ ಕೆಲಸಕ್ಕೆ ಬರುತ್ತಿದ್ದ ದುರ್ಗಪ್ಪನ ಮಗಳು ಅನ್ನಪೂರ್ಣಾಳ ಕೈಯನ್ನು ಜ್ಯೋತಿಬಾ ಹಿಡಿದೆಳೆದಿದ್ದ.

"ನೋಡಿದ್ದು ನೋಡಿದಂಗ ಹೇಳು. ಉಲ್ಟಾ ಹೊಡದ್ರ ನಿನ್ನ ಮಗಳ ಹೆಸರ ಊರ ತುಂಬ ಆಗ್ತೈತಿ," ಎಂದಿದ್ದ ಜ್ಯೋತಿಬಾ. ದುರ್ಗಪ್ಪ ಹೇಳಿದ. ಅಂದಿನಿಂದ ಫೈಜಾನನ ತಾಯಿ ಗುಲ್ಶನ ಅವನ ಮುಖ ನೋಡುವುದನ್ನೇ ಬಿಟ್ಟಳು.

ವಕೀಲರು ದುರ್ಗಪ್ಪನ ಹೇಳಿಕೆ ಓದಿದರು: "ಮಧ್ಯಾಹ್ನದ ಸೈರನ್ ಕೇಳಿ, ಊಟದ ಹೊತ್ತಾಯಿತೆಂದು ಬಾಗಿಲಿಗೆ ಬಂದೆ. ಆಗ ಹೊಡೆಯುವುದನ್ನು ಕಂಡೆ."

ಆದರೆ ಆ ವಾರ ಮಿಲ್ಲಿನ ಸೈರನ್ ಊದಿರಲೇ ಇಲ್ಲ, ದುರಸ್ತಿಗೆ ಬಿಚ್ಚಿಟ್ಟಿದ್ದರು. ಗಾಯಾಳುವನ್ನು ಆಸ್ಪತ್ರೆಗೆ ಒಯ್ದ ಮಿಲ್ಲಿನ ಕಾವಲುಗಾರನೇ ಹಾಗೆಂದು ಸಾಕ್ಷಿ ನುಡಿದಿದ್ದ. ಕೆಳಗಿನ ನ್ಯಾಯಾಧೀಶರು ಅದನ್ನು ಬದಿಗಿಟ್ಟಿದ್ದರು. ಬಂಗೂರನಗರದವರು ಹೊತ್ತು ಹೇಳುವುದೇ ಸೈರನ್ ಲೆಕ್ಕದಲ್ಲಿ, ಇದು ರೂಢಿಯ ತಪ್ಪು, ಸಾಕ್ಷಿಯ ಮುಖದಲ್ಲಿ ಕಪಟ ಕಾಣಲಿಲ್ಲ ಎಂದಿದ್ದರು.

ಮೇಲಿನ ಕೋರ್ಟಿನ ನ್ಯಾಯಾಧೀಶೆ ಕನ್ನಡಕ ತೆಗೆದರು. ಸಾಕ್ಷಿಯನ್ನು ಎದುರಿಗೇ ಕಂಡ ಕೆಳಗಿನ ನ್ಯಾಯಾಧೀಶರ ಅಭಿಪ್ರಾಯವನ್ನು ಸುಮ್ಮನೆ ತಳ್ಳಿಹಾಕಲಾಗದು, ಸಣ್ಣಪುಟ್ಟ ವ್ಯತ್ಯಾಸ ಎಲ್ಲರ ಮಾತಿನಲ್ಲೂ ಇರುತ್ತದೆ ಎಂದರು. ದುರ್ಗಪ್ಪ ಬೆಂಚಿನ ಅಂಚಿಗೆ ಸರಿದು ಕುಳಿತ.

"ಆದರೆ ಬಾಗಿಲಿಗೆ ಬಂದ ಕಾರಣವೇ ಸುಳ್ಳಾದರೆ, ಕಂಡದ್ದನ್ನು ನಂಬುವುದು ಹೇಗೆ? ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ."

ಹೊರಗೆ ಜ್ಯೋತಿಬಾ ಹಲ್ಲು ಕಡಿದ. "ಸೈರನ್ ಸುದ್ದಿ ನಿನಗ ಯಾರ್ ಕೇಳಿದ್ರು?"

"ವಯಸ್ಸಾತ್ರಿ, ಸಾಹುಕಾರ್ರ. ಬಾಯಿ ತಪ್ಪಿ ಬಂತು."

ಬೈಯಲೂ ಆಗದೆ ಜ್ಯೋತಿಬಾ ಮೆಟ್ಟಿಲಿಳಿದು ಹೋದ. ಮುದುಕ ಹೇಳಿದ್ದು ಅವನ ಪರವಾಗಿಯೇ ಅಲ್ಲವೇ?

ಗುಲ್ಶನ ಮಗನ ಕೈ ಬಿಡದೆ ಎದುರು ಬಂದು ನಿಂತಳು. "ಸುಳ್ಳ ಹೇಳಿ ನನ್ನ ಮಗನ್ನ ಜೇಲಿಗೆ ಹಾಕ್ಸಾಕ ಹೋಗಿದ್ದಿ. ಇನ್ನ ಮ್ಯಾಲ ನಿನ್ನ ಮಾತ ಯಾರ್ ನಂಬತಾರ, ದುರ್ಗಪ್ಪ?"

"ಯಾರೂ ನಂಬೂದಿಲ್ಲವ್ವಾ," ಎಂದು ಅವನು ಬಸ್ಸಿನತ್ತ ನಡೆದ.

ಆ ವಾರ ಮಿಲ್ಲಿನ ಸೈರನ್ನನ್ನು ಕೈಯಾರೆ ಬಿಚ್ಚಿಟ್ಟ ಫಿಟ್ಟರ್ ದುರ್ಗಪ್ಪನೇ.