ನಾಲ್ಕನೆಯ ಬುಧವಾರದ ಅಳತೆ

೨೦೨೪ರ ಜುಲೈ ೩೧, ಬುಧವಾರ, ಬೆಳಿಗ್ಗೆ ೯ ಗಂಟೆ ೪೦ ನಿಮಿಷ. ಅರಸೀಕೆರೆಯ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಸಿಸ್ಟರ್ ಚೆಲುವಾಂಬ ಬ್ಯಾಂಡೇಜಿನ ಕೊನೆಯ ಸುತ್ತು ಬಿಚ್ಚಿದರು. ವಾಸನೆ ಹೋದ ವಾರಕ್ಕಿಂತ ಹೆಚ್ಚಾಗಿತ್ತು.

ಕೊಬ್ಬರಿ ವ್ಯಾಪಾರಿ ಸಿದ್ದಬಸಪ್ಪನವರಿಗೆ ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ. ಬಲಪಾದದ ಅಡಿಯಲ್ಲಿ ಹುಣ್ಣು. ಒತ್ತಿದರೂ ನೋವಿಲ್ಲ.

“ಕೊಬ್ಬರಿ ಮಂಡಿಗೆ ಹೋಗಿದ್ರಾ?”

“ಇಲ್ಲ ಸಿಸ್ಟರ್, ದೇವ್ರಾಣೆ.”

“ಮಂಚ ಬಿಟ್ಟು ಇಳ್ದಿಲ್ಲ ಕಣ್ರೀ. ಕೂತಲ್ಲೇ ನನ್ನ ತಲೆ ತಿನ್ನೋದೊಂದೇ ಕೆಲ್ಸ,” ಎಂದರು ಹೆಂಡತಿ ಮಹದೇವಮ್ಮ.

ಚೆಲುವಾಂಬ ನಂಬಲಿಲ್ಲ. ಹುಣ್ಣಿನ ಅಂಚು ಗಡುಸಾಗಿತ್ತು. ನಡೆದಾಡುವವರ ಕಾಲಿನಂತಿತ್ತು.

ಡಾಕ್ಟರ್ ವಿಜಯಸಾರಥಿಯವರ ನಿಯಮ ಸರಳ. ಚಿಕಿತ್ಸೆಯ ನಾಲ್ಕನೆಯ ಬುಧವಾರಕ್ಕೆ ಹುಣ್ಣು ಕುಗ್ಗಿದ್ದರೆ ಇಲ್ಲೇ ಡ್ರೆಸ್ಸಿಂಗ್, ಇಲ್ಲದಿದ್ದರೆ ಹಾಸನಕ್ಕೆ. ಕಣ್ಣಂದಾಜು ನಡೆಯದು, ಅಳತೆ ಬೇಕು.

ಅಳೆಯಲು ಸೆಂಟಿಮೀಟರ್ ಗೆರೆಗಳ ಕಾಗದದ ಪಟ್ಟಿ. ಹುಣ್ಣಿಗೆ ತಾಗಿದ್ದನ್ನು ಎಸೆಯಬೇಕು. ಕಂಪನಿಯಿಂದ ಬಂದ ಪಟ್ಟಿಗಳ ಕಟ್ಟು ಮೊದಲ ಬುಧವಾರವೇ ಮುಗಿದಿತ್ತು. ಅಂದಿನಿಂದ ಚೆಲುವಾಂಬ ಪ್ರತಿ ವಾರ ಒಂದು ಶುಭ್ರವಾದ ಪಟ್ಟಿ ಉಳಿಸಿಕೊಂಡು, ಅದರಿಂದಲೇ ಮುಂದಿನ ವಾರಕ್ಕೆ ಜೆರಾಕ್ಸ್ ಮಾಡಿಸುತ್ತಿದ್ದರು.

ಕನ್ನಡಕ ಸಿಗಲಿಲ್ಲ. ಅದಿಲ್ಲದೆಯೂ ಅಂಕಿ ಕಂಡಿತು. ೪.೧.

ಹಾಳೆಯಲ್ಲಿ ಸಾಲಾಗಿ ಬರೆದಿತ್ತು: ೫.೦, ೪.೭, ೪.೪. ಈಗ ೪.೧.

ಮಹದೇವಮ್ಮ ಸೆರಗಿನ ಗಂಟು ಬಿಚ್ಚಿ ಒಂದು ತುಂಡು ದಾರ ತೆಗೆದರು. “ಮೊದಲನೇ ದಿನ ಹುಣ್ಣಿನ ಉದ್ದಕ್ಕೆ ಹಿಡ್ದು ಕತ್ತರಿಸಿದ್ದೆ. ಈಗ್ಲೂ ಅಷ್ಟೇ ಐತೆ ನೋಡಿ.”

“ದಾರ ಎಳೆದ್ರೆ ಉದ್ದ ಆಗತ್ತೆ ಅಮ್ಮ. ಕಾಗದ ಎಳೆಯಲ್ಲ.”

ಡಾಕ್ಟರ್ ಬಂದರು. ಪಾದ ನೋಡಿದರು, ಮೂಗು ಸಿಂಡರಿಸಿದರು, ಹಾಳೆಯನ್ನು ಎರಡು ಸಲ ಓದಿದರು. “ವಾಸನೆ ಇದೆ. ಆದ್ರೆ ಕುಗ್ತಾ ಇದೆ. ಮಾತ್ರೆ ಬದಲಾಯಿಸೋಣ, ಇಲ್ಲೇ ಮುಂದುವರಿಸಿ.”

“ಒಂದ್ಸಲ ಹಾಸನಕ್ಕೆ…” ಮಹದೇವಮ್ಮ ಶುರು ಮಾಡಿದರು.

“ಸುಮ್ನಿರೇ, ಡಾಕ್ಟ್ರು ಹೇಳ್ಲಿಲ್ವಾ?” ಎಂದರು ಸಿದ್ದಬಸಪ್ಪ. ಅವರ ಮುಖದಲ್ಲಿ ನಗುವಿತ್ತು.

ಶನಿವಾರ ಚಳಿಜ್ವರ. ಭಾನುವಾರ ಪಾದ ಕಪ್ಪಾಯಿತು, ಹಾಸನಕ್ಕೆ ಸಾಗಿಸಿದರು. ಹಾಸನದ ಸರ್ಜನ್ ಫೋನಿನಲ್ಲಿ ಬೈಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆಯದೆ ಜೀವ ಉಳಿಯದು, ಬುಧವಾರವೇ ಬಂದಿದ್ದರೆ ಪಾದ ಉಳಿಯುತ್ತಿತ್ತೇನೋ ಎಂದರು, ಅಷ್ಟೇ. ಸೋಮವಾರ ಕಾಲು ಹೋಯಿತು. ವಿಜಯಸಾರಥಿ ಹಾಳೆಯ ಮೇಲೆ ಬೆರಳಾಡಿಸುತ್ತ ಕುಳಿತರು. ೫.೦, ೪.೭, ೪.೪, ೪.೧. ಎಲ್ಲಿಯೂ ತಪ್ಪಿಲ್ಲ.

“ಮಂಡಿಗೆ ಹೋಗಿರ್ಬೇಕು ಸಾರ್,” ಎಂದರು ಚೆಲುವಾಂಬ.

ಮಂಗಳವಾರ ಸಂಜೆ, ಮರುದಿನದ ರೋಗಿಗಳಿಗೆಂದು, ಉಳಿಸಿದ್ದ ಪಟ್ಟಿ ಹಿಡಿದು ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋದರು. ಪುಟ್ಟರಾಜು ಯಂತ್ರದ ಮುಚ್ಚಳ ಎತ್ತಿದ.

“ಹೋದ್ವಾರ ಕನ್ನಡಕ ಬೇಕಾಯ್ತಾ ಸಿಸ್ಟರ್?”

“ಇಲ್ಲ ಕಣಪ್ಪ.”

“ನಂಗೊತ್ತಿತ್ತು. ನೀವು ಕಣ್ಣು ಕಿರಿದು ಮಾಡಿ ನೋಡ್ತೀರಲ್ಲ, ಪಾಪ ಅನ್ನಿಸ್ತು. ಪ್ರತಿ ವಾರದಂಗೆ ಇವತ್ತೂ ಚೂರು ದೊಡ್ಡದಾಗಿ ಮಾಡ್ಕೊಡ್ಲಾ?”

ಚೆಲುವಾಂಬರ ಕೈ ಕೌಂಟರಿನ ಮೇಲಿದ್ದ ಸ್ಟೀಲ್ ಸ್ಕೇಲಿನ ಕಡೆಗೆ ನಿಧಾನವಾಗಿ ಹೋಯಿತು. ಪಟ್ಟಿಯ ಪಕ್ಕಕ್ಕೆ ಅದನ್ನು ಒತ್ತಿ ಹಿಡಿದರು.

ಹತ್ತು ಸೆಂಟಿಮೀಟರ್ ಎಂದು ಅಚ್ಚಾಗಿದ್ದ ಗೆರೆಯ ಉದ್ದ ೧೨.೨ ಸೆಂಟಿಮೀಟರ್.